ಮಾಳಿಗಿ ಮ್ಯಾಲ ಗಿಟಾರು

ಮುಂಬೈಯಿಂದ ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮ ದುಧನಿ ಹಾದೇ ಹೋಗಬೇಕು. ಅತ್ತ ಅಕ್ಕಲಕೋಟ, ಇತ್ತ ಗಾಣಗಾಪುರ. ನಡುವೆ ಫಲಕವೆಲ್ಲ ಮರಾಠಿ, ಚೌಕಾಶಿಯೆಲ್ಲ ಕನ್ನಡ. ಮುಂಬೈ, ಬೆಂಗಳೂರು ಎಂಬ ಆ ಎರಡು ಶಹರಗಳಲ್ಲಿ ಹುಟ್ಟುವ ಹೊಸ ಸಂಗೀತ ನಮ್ಮನ್ನು ದಾಟಿಕೊಂಡು ಹೋಗುವುದೇ ಹೆಚ್ಚು.

ರಘು ದೀಕ್ಷಿತರ ಮೊದಲ ಆಲ್ಬಂ ಮಾತ್ರ ಇಲ್ಲಿ ಇಳಿಯಿತು. ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ, ಭರತನಾಟ್ಯ ಕಲಿತು, ಆಮೇಲೆ ಗಿಟಾರ್ ಹಿಡಿದ ಮನುಷ್ಯ. 'ಅಂತರಾಗ್ನಿ' ತಂಡ ಒಡೆದ ಮೇಲೆ ತಮ್ಮ ಹೆಸರಿನಲ್ಲೇ ಹೊರಟರು; ಮುಂಬೈಯ ಸಿನೆಮಾ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಕೈಹಿಡಿಯಿತು; 2008ರಲ್ಲಿ ಆಲ್ಬಂ ಬಂತು. ಎಂಟು ಹಾಡು. ಹಿಂದಿಯವು ಒಮ್ಮೆ ಕೇಳಿದರೆ ನಾಲಿಗೆಗೆ ಹತ್ತುತ್ತವೆ. ಒಂದು ಇಂಗ್ಲಿಷ್ ಪ್ರೇಮಗೀತೆಯೂ ಇದೆ; ಅದಿಲ್ಲದಿದ್ದರೂ ನನಗೇನೂ ನಷ್ಟವಿರಲಿಲ್ಲ. ಉಳಿದದ್ದು ಶಿಶುನಾಳ ಶರೀಫರ ಎರಡು ಪದ: ಗುಡುಗುಡಿಯದೊಂದು, ಸೋರುವ ಮಾಳಿಗಿಯದೊಂದು.

ಮಾಳಿಗಿ ಸೋರುವುದೆಂದರೆ ನಮ್ಮ ಕಡೆ ಮೊದಲು ನಿಜ, ಆಮೇಲೆ ತತ್ವ. ಮಣ್ಣಿನ ಮಾಳಿಗಿಗೆ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹೊತ್ತು ಹಾಕಬೇಕು, ತುಳಿದು ಗಟ್ಟಿ ಮಾಡಬೇಕು. ಮರೆತರೆ ನಡುರಾತ್ರಿ ಹಾಸಿಗೆಯ ಪಕ್ಕ ಪಾತೇಲಿ ಇಟ್ಟುಕೊಂಡು ಕೂರಬೇಕು. ಈಗ ಪತ್ರಾ ಬಂದಿದೆ, ಸ್ಲ್ಯಾಬು ಬಂದಿದೆ. ಸ್ಲ್ಯಾಬೂ ಸೋರುತ್ತದೆ, ಅದು ಬೇರೆ ಮಾತು. ಏಕತಾರಿ, ದಮ್ಮಡಿ, ಪೇಟಿಯ ಮೇಲೆ ಇಂಥ ಪದಗಳನ್ನು ಹಾಡುತ್ತಲೇ ಬಂದ ನಮ್ಮ ಭಜನಿ ಮ್ಯಾಳದ ಕಾಕಾನಿಗೆ ಮೊಬೈಲಿನಲ್ಲಿ ದೀಕ್ಷಿತರ ಹಾಡು ಹಚ್ಚಿಕೊಟ್ಟೆ.

"ಹೆಂಗದ ಕಾಕಾ?"

"ಪದಾ ನಮ್ಮದ ಅದ ತಮ್ಮಾ. ಅವಸರ ಅಷ್ಟ ಅವಂದು."

ರಾಕ್‌ನವರು ನಮ್ಮ ಕಡೆ ಕೈಚಾಚಿದ್ದು ಇದೇ ಮೊದಲಲ್ಲ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1968ರ ಜನವರಿಯಲ್ಲಿ ಮುಂಬೈಯ ಎಚ್‌ಎಂವಿ ಸ್ಟುಡಿಯೋಕ್ಕೆ ಬಂದು ಶಹನಾಯಿ, ಸಂತೂರ್ ನುಡಿಸಿಸಿ 'ವಂಡರ್‌ವಾಲ್ ಮ್ಯೂಸಿಕ್' ಕಟ್ಟಿದರು. ಅದು ಸಿನೆಮಾಕ್ಕೆಂದು ಮಾಡಿದ್ದು. ಬಹುತೇಕ ಬರೀ ವಾದ್ಯ. ನಾದದ ಪ್ರಯೋಗವೇನೋ ಆಯಿತು, ಗುನುಗಲು ಮಾತ್ರ ಏನೂ ಸಿಗಲಿಲ್ಲ.

ಶರೀಫರ ದಾರಿ ಬೇರೆ. ಧಾಟಿ ಎಮ್ಮೆ ಕಾಯುವ ಹುಡುಗನಿಗೂ ಬರುವಂಥದು. ಪ್ರಯೋಗವೆಲ್ಲ ಒಳಗೆ, ಅರ್ಥದಲ್ಲಿ. ಕೋತಿಯನ್ನು ಕೋಳಿ ನುಂಗುವ ಲೋಕ ಅದು. ಯಾವ ರಾಕ್ ಕವಿಗೆ ಅಷ್ಟು ಧೈರ್ಯವಿತ್ತು? 1819ರಲ್ಲಿ ಹುಟ್ಟಿದ ಮುಸ್ಲಿಂ ಹುಡುಗ ಗೋವಿಂದಭಟ್ಟರೆಂಬ ಬ್ರಾಹ್ಮಣರ ಶಿಷ್ಯನಾದದ್ದೂ ಪ್ರಯೋಗವೇ. ಗಾಯಕ ಸಿ. ಅಶ್ವತ್ಥ್ ಶರೀಫರ ಪದಗಳನ್ನು ಊರೂರಿಗೆ ಮುಟ್ಟಿಸಿದರು. ದೀಕ್ಷಿತರು 2010ರಲ್ಲಿ ಲಂಡನ್ನಿಗೆ ಹೋಗಿ, ಲುಂಗಿ-ಗೆಜ್ಜೆಯ ಠೀವಿಯಲ್ಲೇ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿ ಬಂದರು.

ಗುಡುಗುಡಿ ಪದಕ್ಕೆ ಗಿಟಾರು ಚೆನ್ನಾಗಿ ಒಪ್ಪಿದೆ, ಅಮಲಿನ ಪದವಲ್ಲವೇ. ಮಾಳಿಗಿ ಪದಕ್ಕೆ ನನ್ನ ಓಟು ಇನ್ನೂ ಕಾಕಾನಿಗೇ. ನಂಬದಿದ್ದರೆ ಆಲ್ಬಂ ಕೇಳಿಕೊಂಡೇ ಒಂದು ಅಮಾಸಿ ರಾತ್ರಿ ದುಧನಿಗೆ ಬನ್ನಿ. ಭಜನಿ ಶುರುವಾಗುವುದು ಊಟದ ಮೇಲೆ, ಮುಗಿಯುವ ಹೊತ್ತು ಮಾತ್ರ ಕೇಳಬೇಡಿ.