ಸಾಸಿವಿ ಚೀಲದ ಮ್ಯಾಲೆ ತಗದ ಫೋಟೊ

ನಮ್ಮ ಮನ್ಯಾಗ ದೀಪಾವಳಿ ಅಂದ್ರ ಎರಡು ಕಡೆ ಕೆಲಸ ನೋಡ್ರಿ. ಒಂದು ಮನ್ಯಾಗ, ಹಿರೇರಿಗೆ ಎಡಿ ಇಡೋದು. ಇನ್ನೊಂದು ಮಂಡಿಪೇಟೆ ಅಂಗಡ್ಯಾಗ, ಅಮಾಸಿ ದಿನ ಸಂಜಿಮುಂದ ಲಕ್ಷ್ಮೀ ಪೂಜೆ. ಮದುವೆಯಾಗಿ ದಾವಣಗೆರೆಗೆ ಬಂದಾಗಿಂದ ಎರಡನ್ನೂ ತಪ್ಪಿಸಿಲ್ಲ. ಹೋದ ದೀಪಾವಳಿಗೆ ಮಾತ್ರ ಅಂಗಡಿ ಪೂಜೆ ಇದೇ ಕಡೇದು ಅಂತ ಗೊತ್ತಿತ್ತು. ಯಜಮಾನ್ರಿಗೆ ಮೊಣಕಾಲು ನೋವು, ಮಗ ಬೆಂಗಳೂರಾಗ ಕೆಲಸಕ್ಕ ಅದಾನ, ಅಂಗಡಿ ಕರಾರೂ ಮುಗಿಯಾಕ ಬಂದಿತ್ತು. ಪಾಡ್ಯ ಕಳದ ಮ್ಯಾಲೆ ಬೀಗದ ಕೈ ಕೊಡೋದು ಅಂತ ಮಾತಾಗಿತ್ತು. ಮಾತಾಡಿದ್ದು ಅವರೇ, ನಾನು ಸುಮ್ನೆ ಕೇಳಿಸ್ಕೊಂಡೆ.

ನನಗ ಇದ್ದದ್ದು ಒಂದೇ ಆಸೆ. ಅಂಗಡಿ ಬೋರ್ಡು, ಬಾಗಿಲ ಬಾಳೆಕಂಬ, ಮ್ಯಾಲೆ ಆಕಾಶದಾಗ ಪಟಾಕಿ, ಮೂರೂ ಒಂದೇ ಫೋಟೊದಾಗ ಬರಬೇಕು.

ಈ ಹಟ ಯಾಕ ಅಂದ್ರ ನಮ್ಮ ಮಾವನೋರ ಫೋಟೊ. 1997ರಾಗ ದಾವಣಗೆರೆ ಜಿಲ್ಲೆ ಆತಲ್ರೀ, ಆಗಸ್ಟ್ 15ಕ್ಕ, ಆ ವರ್ಷದ ದೀಪಾವಳಿಗೆ ಪ್ಯಾಟಿ ತುಂಬ ಹುರುಪು. ಮಾವನೋರು ಅಂಗಡಿ ಮುಂದ ನಿಂತು ತಾವೇ ರಾಕೆಟ್ ಹಚ್ಚಿಸಿದ್ರು. ಯಜಮಾನ್ರು ರೀಲ್ ಕ್ಯಾಮೆರಾದಾಗ ಫೋಟೊ ತಗದ್ರು, ಫ್ಲ್ಯಾಷ್ ಹಾಕಿ. ತೊಳಸಿ ತಂದಾಗ ನೋಡಿದ್ರ ಮಾವನೋರ ಧೋತ್ರ ಬೆಳ್ಳಗ ಹಾಲಿನಂಗ, ಹಿಂದ ಎಲ್ಲಾ ಕರಿ ಬಾವಿ. ಪಟಾಕಿ ಇಲ್ಲ, ಅಂಗಡಿ ಇಲ್ಲ. ಅವರು ಮುಖ ಮ್ಯಾಲೆ ಮಾಡಿ ನಗಾಕತ್ಯಾರ, ಏನು ನೋಡಿ ನಗಾಕತ್ಯಾರ ಅಂತ ಫೋಟೊ ನೋಡಿದೋರಿಗೆ ಗೊತ್ತಾಗಂಗಿಲ್ಲ. ಫ್ಲ್ಯಾಷ್ ಬೆಳಕು ಹತ್ತು ಹನ್ನೆರಡು ಅಡಿ ದಾಟಂಗಿಲ್ಲ ಅನ್ನೋದು ನನಗ ಈಗ ಗೊತ್ತು. ಆಗ ಯಾರಿಗೆ ಗೊತ್ತಿತ್ತು? ಅದೇ ಫೋಟೊ ಈಗ ಹಿರೇರ ಪೂಜ್ಯಾಗ ಇಡ್ತೀವಿ.

ಮಗನಿಗೆ ಹೇಳಿದೆ. ಅಂವ ಒಂದು ಟ್ರೈಪಾಡ್ ಕಳಿಸಿದ, ಮೂರು ಕಾಲಿಂದು, ಫೋನ್ ಸಿಗಿಸೋ ಕ್ಲಿಪ್ ಇರೋದು. "ಅಮ್ಮಾ, ಕೈಯಾಗ ಹಿಡಕೊಂಡು ತಗಿಬ್ಯಾಡ" ಅಂತ ಮೂರು ಸಲ ಹೇಳಿದ. ನಾನು ಅವನ ಮಾತು ಕೇಳೋಳಲ್ಲ. ನೀರು ತುಂಬೋ ಹಬ್ಬದ ರಾತ್ರಿ ಮಾಳಿಗಿ ಮ್ಯಾಲೆ ಹೋಗಿ ಮೊದ್ಲು ಕೈಯಾಗೇ ಹಿಡಕೊಂಡು ತಗದೆ. ಆಕಾಶದಾಗ ಹೂವಿನಂಗ ಅರಳಿದ್ದು ಫೋನಿನಾಗ ಒಣ ಶಾವಿಗಿ ಚೆಲ್ಲಾಪಿಲ್ಲಿ ಆದಂಗ ಬಂದಿತ್ತು. ಬಾಗಿ ಬಾಗಿ ಎಳಿ, ತುದಿಗೊಂದು ಕೊಕ್ಕಿ. ನಮ್ಮ ಕೈ ಎಷ್ಟು ನಡುಗ್ತಾವ ಅಂತ ಪಟಾಕಿನೇ ಬರದು ತೋರಿಸಿತ್ತು!

ಯಾಕ ಹಿಂಗ ಅಂದ್ರ, ಕತ್ತಲಾಗ ಕ್ಯಾಮೆರಾ ಕಣ್ಣು ಬಾಳೊತ್ತು ತಗದಿರಬೇಕು. ಪಟಾಕಿ ಕಿಡಿ ಮ್ಯಾಲಿಂದ ಕೆಳಗ ಬರೋದು ಒಂದು ಗೆರಿ ಆಗಿ ಬೀಳಬೇಕಾದ್ರ ಎರಡು ಮೂರು ಸೆಕೆಂಡ್ ಬೇಕು. ಅಷ್ಟೊತ್ತು ಕೈ ಅಲುಗದಂಗ ಹಿಡಿಯಾಕ ಯಾರಿಗೂ ಆಗಂಗಿಲ್ಲ. ಆಮೇಲೆ ಟ್ರೈಪಾಡ್‌ಗೆ ಸಿಗಿಸಿದೆ. ಫೋನಿನಾಗ ಪ್ರೊ ಅಂತ ಇರ್ತೈತಲ್ರೀ, ಅದರಾಗ ಐಎಸ್‌ಒ 50, ಶಟರ್ 4 ಸೆಕೆಂಡ್, ಫೋಕಸ್ ಗುಡ್ಡದ ಚಿತ್ರ ಇರೋ ಕಡೆ ಜಗ್ಗಿಟ್ಟು, ಫ್ಲ್ಯಾಷ್ ಬಂದ್. ಫೋಕಸ್ ನಾವೇ ಇಡಬೇಕು, ಫೋನಿಗೆ ಬಿಟ್ರ ಅದು ಕತ್ತಲಾಗ ಹುಡುಕ್ತಾ ಕುಂದರ್ತೈತಿ, ಅಷ್ಟರಾಗ ರಾಕೆಟ್ ಆರಿ ಬೂದಿ ಆಗಿರ್ತೈತಿ. ಬೆಳ್ಳು ತಾಗಿದ್ರೂ ಫೋನ್ ಅಲುಗತೈತಿ ಅಂತ ಟೈಮರ್ ಇಟ್ಟೆ. ಆದ್ರ ಟೈಮರ್ ಓಡೋದ್ರಾಗ ಪಟಾಕಿ ಸಿಡದು ಹೋಗ್ತಿತ್ತು. ಕಡಿಗೆ ಹಳೇ ವೈರಿನ ಇಯರ್‌ಫೋನ್ ಚುಚ್ಚಿ, ಅದರ ಸೌಂಡ್ ಬಟನ್ ಒತ್ತಿದೆ. ಫೋಟೊ ಬಿತ್ತು! ಇದು ಮಗ ಹೇಳಿಕೊಟ್ಟದ್ದಲ್ಲ, ಹಾಡು ಕೇಳಾಕ ಹೋಗಿ ಹಿಂದೊಮ್ಮೆ ನಾನೇ ತಪ್ಪಿ ಕಂಡುಕೊಂಡದ್ದು.

ಇನ್ನೊಂದು ಮಾತು, ಹೊಗಿ. ಮೊದಲ ಕಾಲು ಗಂಟ್ಯಾಗ ಬಂದ ಫೋಟೊನೇ ಚಂದ. ಆಮೇಲೆ ಓಣಿ ತುಂಬ ಹೊಗಿ ನಿಂತು ಎಲ್ಲಾ ಮಜ್ಜಿಗಿ ಆಗ್ತೈತಿ. ಗಾಳಿ ನಮ್ಮ ಬೆನ್ನಿಗಿರಬೇಕು. 2018ರಾಗ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10 ಅಷ್ಟೇ ಅಂತ ಹೇಳೇತಿ, ನಮ್ಮ ಓಣಿ ಹುಡುಗರು ಆ ಗಡಿಯಾರ ನೋಡಂಗಿಲ್ಲ, ಆ ಮಾತು ಬ್ಯಾರೆ.

ಅಮಾಸಿ ದಿನ ಟ್ರೈಪಾಡ್ ಹೊತ್ಕೊಂಡು ಅಂಗಡಿಗೆ ಹೋದೆ. ಮಂಡಿಪೇಟೆ ನೋಡಿದೋರಿಗೆ ಗೊತ್ತು, ಹಬ್ಬದ ಸಂಜಿ ಅಲ್ಲಿ ಒಂದು ಚೊಂಬು ಇಡಾಕ ಜಾಗ ಇರಂಗಿಲ್ಲ. ಬೈಕು, ಕೈಗಾಡಿ, ಚೆಂಡು ಹೂವಿನ ರಾಶಿ, ಕುಂಬಳಕಾಯಿ ಒಡದ ಚೂರು. ಮೂರು ಕಾಲು ಬಿಚ್ಚಿ ನಿಲ್ಲಿಸಿದೆ, ಎರಡೇ ನಿಮಿಷಕ್ಕ ಒಂದು ಹುಡುಗ ಸರಪಟಾಕಿಗೆ ಹೆದರಿ ಓಡಿ ಬಂದು ಒದ್ದ. ಫೋನ್ ಕೆಳಗ! ಗಾಜು ಒಡಿಲಿಲ್ಲ, ಪುಣ್ಯ. ಟ್ರೈಪಾಡಿನ ಒಂದು ಕಾಲಿನ ಹಿಡಿಕಿ ಮುರೀತು.

ನನಗ ಅಳು ಬಂದಂಗಾತು. ಪೂಜೆಗೆ ಬಂದ ಗಿರಾಕಿಗಳ ಮುಂದ ಅಳಾಕ ಆಗ್ತೈತಾ? ಬತ್ತಾಸು ಮಂಡಕ್ಕಿ ಹಂಚೋದು ಬ್ಯಾರೆ ಇತ್ತು. ಗಾದಿ ಮ್ಯಾಲೆ ಕುಂತಿದ್ದ ಯಜಮಾನ್ರು ನೋಡಿದ್ರು. "ಎದುರು ಮಾಳಿಗಿಗೆ ಹೋಗು, ಕಟ್ಟಿ ಮ್ಯಾಲೆ ಚೀಲ ಇಟ್ಟು ತಗಿ" ಅಂದ್ರು. ನಾನು ಜ್ವಾಳದ ಸಣ್ಣ ಚೀಲಕ್ಕ ಕೈ ಹಾಕಿದೆ. "ಜ್ವಾಳ ಬ್ಯಾಡ, ಜಾರ್ತೈತಿ. ಸಾಸಿವಿ ತಗೋ. ಒತ್ತಿದ್ರ ಒತ್ತಿದಂಗ ಕುಂದರ್ತೈತಿ" ಅಂದ್ರು. ಮೂವತ್ತು ವರ್ಷ ಕಾಳಿನಾಗ ಕೈಯಾಡಿಸಿದೋರ ಮಾತು. ಅಂಗಡ್ಯಾಗ ಉಳದದ್ದು ಅದೊಂದೇ ಸಾಸಿವಿ ಚೀಲ, ಎರಡು ಕೆಜಿ ಇರಬೇಕು.

ಎದುರಂಗಡಿ ಅಕ್ಕಾರು ಮ್ಯಾಲಿನ ಕ್ವಾಣಿ ಬಾಗಿಲು ತಗದು ಕೊಟ್ರು. ಗ್ಯಾಲರಿ ಕಟ್ಟಿ ಒಂದು ಗೇಣು ಅಗಲ, ಟ್ರೈಪಾಡ್ ಇದ್ದಿದ್ರೂ ಅಲ್ಲಿ ಕಾಲು ಊರ್ತಿರಲಿಲ್ಲ. ಸಾಸಿವಿ ಚೀಲದಾಗ ಒಂದು ಗುಳಿ ಮಾಡಿ ಫೋನ್ ಅದುಮಿದೆ. ಅಲುಗಲಿಲ್ಲ. 4 ಸೆಕೆಂಡಿಗೆ ತಗದ್ರ ಸೀರಿಯಲ್ ಲೈಟು ಹೊತ್ತಿ ಉರದಂಗ, ಬೋರ್ಡಿನ ಅಕ್ಷರ ಒಂದೂ ಓದಾಕ ಬರವಲ್ದು. 2 ಮಾಡಿದೆ, ಆಗ್ಲೂ ಬೆಳಕು ಜಾಸ್ತಿ. 1 ಸೆಕೆಂಡಿಗೆ ತಂದಾಗ ಬೋರ್ಡು ಸ್ವಚ್ಛ ಬಂತು. ಮಾಳಿಗಿ ಕತ್ತಲು ಬ್ಯಾರೆ, ಪ್ಯಾಟಿ ಬೆಳಕು ಬ್ಯಾರೆ. ಆದ್ರ ಒಂದೇ ಸೆಕೆಂಡಿನಾಗ ರಾಕೆಟ್ ಸಿಗಬೇಕಲ್ಲ? ಮ್ಯಾಲೆ ಹೋಗೋವಾಗ ಒತ್ತಿದ್ರ ಬಾಲ ಮಾತ್ರ, ಸದ್ದು ಕೇಳಿ ಒತ್ತಿದ್ರ ಹೊಗಿ ಮಾತ್ರ. ಬಾಲ ಆರಿ ಒಂದು ಚಣ ಕತ್ತಲಾಗ್ತೈತಲ್ಲ, ಆಗ ಒತ್ತಬೇಕು. ಹನ್ನೊಂದು ಫೋಟೊ ತಗದೆ. ಹತ್ತು ಕೆಲಸಕ್ಕ ಬರಲಿಲ್ಲ.

ಹನ್ನೊಂದನೇದರಾಗ ಮ್ಯಾಲೆ ಕೆಂಪು ಹೂವು ಅರಳೈತಿ, ಅರ್ಧ ಎದುರು ಕಟ್ಟಡ ನುಂಗಿ ಉಳದರ್ಧ ಐತಿ. ಬೋರ್ಡು ಓದಾಕ ಬರ್ತೈತಿ. ರಸ್ತ್ಯಾಗ ನಡದಾಡೋ ಮಂದಿ ಎಲ್ಲಾ ಆ ಒಂದು ಸೆಕೆಂಡಿನಾಗ ಕರಗಿ ನೆಳ್ಳಿನಂಗ ಆಗ್ಯಾರ, ಒಬ್ಬರ ಮುಖನೂ ಗುರುತು ಹತ್ತಂಗಿಲ್ಲ. ಬಾಗಿಲೊಳಗ ಗಾದಿ ಮ್ಯಾಲೆ ಕುಂತ ನಮ್ಮ ಯಜಮಾನ್ರು ಮಾತ್ರ ಅಚ್ಚೊತ್ತಿದಂಗ ಬಂದಾರ. ತೊಡಿ ಮ್ಯಾಲೆ ಖಾತೆ ಪುಸ್ತಕ, ಅದರ ಮ್ಯಾಲೆ ಎರಡೂ ಕೈ. ಎಲ್ಲರೂ ಪಟಾಕಿ ಕಡೆ ಹೊರಳಿದ್ರ ಅವರು ಅಂಗಡಿ ಒಳಗ, ಖಾಲಿ ಕಪಾಟಿನ ಕಡೆ ನೋಡಾಕತ್ಯಾರ. ಅಲುಗೇ ಇಲ್ಲ ಅವರು. ಅದಕ್ಕೇ ಸ್ವಚ್ಛ ಬಂದಾರ.

ರಾತ್ರಿ ಮನ್ಯಾಗ ತೋರಿಸಿದೆ. ಕನ್ನಡಕ ಏರಿಸಿ ಬಾಳೊತ್ತು ನೋಡಿದ್ರು. "ರಾಕೆಟ್ ಅರ್ಧ ಹೋಗೈತಲ್ಲ" ಅಂದ್ರು. ಅಷ್ಟೇ. ಸ್ವಲ್ಪ ಹೊತ್ತಿಗೆ "ಬೋರ್ಡು ಚಂದ ಬಂದೈತಿ" ಅಂದ್ರು.

ಪ್ರಿಂಟ್ ಹಾಕಿಸಿ ಮಾವನೋರ ಫೋಟೊ ಪಕ್ಕಕ್ಕ ಇಡಾಕ ಹೋದೆ. ನಮ್ಮತ್ತಿ ಹೌಹಾರಿದ್ರು. "ಬದುಕಿರೋ ಮಗನ್ನ ಹಿರೇರ ಸಾಲಿನಾಗ ಇಡ್ತೀಯೇನವ್ವಾ, ತಗಿ ಮೊದ್ಲು" ಅಂತ. ಅವರ ಮಾತೂ ಖರೇನ. ಈಗ ಅದು ಅಡಿಗಿಮನಿ ಬಾಗಿಲ ಮ್ಯಾಲೆ ಐತಿ. ಟ್ರೈಪಾಡಿನ ಮುರದ ಕಾಲಿಗೆ ಟೇಪ್ ಸುತ್ತೀನಿ, ಬರೋ ಸಲ ಮಾಳಿಗಿಗೆ ಆಗ್ತೈತಿ. ಸಾಸಿವಿ ಡಬ್ಬಿಗೆ ಸುರಿದೀನಿ, ಒಗ್ಗರಣಿಗೆ ಹಾಕ್ತಾ ಬಂದೀನಿ, ಇನ್ನೂ ಒಂದು ಮುಷ್ಟಿ ಐತಿ.