ಉದ್ಯೋಗತ್ಯಾಗದ ಕಾಲ

ಮನೆಯ ಅಕ್ಕಿ ಸಂಬಳದಿಂದ ಬರುತ್ತಿರುವಾಗ ಉದ್ಯೋಗವನ್ನು ಬಿಡಲು ಆಸೆಯೊಂದೇ ಸಾಲದು, ಕಾಲಜ್ಞಾನವೂ ಬೇಕು. ಸಿ. ವಿ. ರಾಮನ್ನರು ೧೯೦೭ರಲ್ಲಿ ಸರ್ಕಾರದ ಹಣಕಾಸಿನ ಇಲಾಖೆಯನ್ನು ಸೇರಿದರು. ಕಲ್ಕತ್ತೆಯಲ್ಲಿದ್ದ ಕಾಲದಲ್ಲೆಲ್ಲ ಹಗಲು ಕಚೇರಿಯ ಲೆಕ್ಕ, ಬೆಳಗೂ ಸಂಜೆಯೂ ವಿಜ್ಞಾನಸಂಘದ ಪ್ರಯೋಗಶಾಲೆ. ಆಶುತೋಷ ಮುಖರ್ಜಿಯವರು ಅಲ್ಲಿಯ ವಿಶ್ವವಿದ್ಯಾನಿಲಯದ ಪಾಲಿತ್ ಪ್ರಾಧ್ಯಾಪಕಪೀಠಕ್ಕೆ ಅವರನ್ನು ಕರೆದರು. ಆದರೆ ಆ ಪೀಠಕ್ಕೆ ಬರುವವನು ಮೊದಲು ವಿದೇಶದಲ್ಲಿ ಶಿಕ್ಷಣ ಪಡೆಯಬೇಕೆಂಬ ನಿಬಂಧನೆಯಿತ್ತು. ರಾಮನ್ನರು ಅದಕ್ಕೆ ಒಪ್ಪಲಿಲ್ಲ, ಹುದ್ದೆಯನ್ನೂ ಬಿಡಲಿಲ್ಲ. ನಿಬಂಧನೆ ಸಡಿಲವಾದ ಮೇಲೆ, ೧೯೧೭ರಲ್ಲಿ, ದೊಡ್ಡ ಸಂಬಳವನ್ನು ತ್ಯಜಿಸಿ ಸಣ್ಣ ಸಂಬಳದ ಪೀಠವನ್ನೇರಿದರು. ೧೯೩೦ರ ನೊಬೆಲ್ ಬಹುಮಾನವನ್ನು ಕಂಡ ಲೋಕವು ಆ ತ್ಯಾಗವನ್ನು ಕೊಂಡಾಡಿತು. ಅದಕ್ಕೆ ಮುಂಚಿನ ತಾಳ್ಮೆಯಾದರೋ ಗೃಹಸ್ಥರೆಲ್ಲರೂ ಕಲಿಯತಕ್ಕ ಪಾಠ. ಆಚೆಯ ದಡಕ್ಕೆ ಕಾಲು ತಾಗುವ ಮುನ್ನ ಹರಿಗೋಲನ್ನು ಒದೆಯಲಾಗದು; ತಾಗಿದ ಮೇಲೆ ಅದರಲ್ಲಿಯೇ ಕುಳಿತಿರಲೂ ಆಗದು.