ಬಲಗೈಗೆ ಕೆಲಸವಿದ್ದ ಕಾಲ

1990ರ ಮೊನಾಕೋದಲ್ಲಿ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಓಡಿಸಿದ ಸುತ್ತೊಂದನ್ನು ಅವನ ಮೆಕ್ಲಾರೆನ್ ಕಾರಿನ ಮೇಲಿದ್ದ ಕ್ಯಾಮೆರಾ ಸೆರೆಹಿಡಿದಿದೆ. ಎಷ್ಟು ಸಲ ನೋಡಿದರೂ ನನ್ನ ಕಣ್ಣು ಹೋಗುವುದು ಅವನ ಬಲಗೈಗೆ. ಎರಡೂ ಬದಿಗೆ ತಡೆಗೋಡೆ. ಒಂದೇ ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಗೇರ್ ರಾಡ್. ಎಡಗಾಲು ಕ್ಲಚ್ ನೋಡಿಕೊಳ್ಳಬೇಕು. ಬಲಗಾಲಿಗೆ ಎರಡು ಕೆಲಸ: ಬ್ರೇಕ್ ಒತ್ತಿಕೊಂಡೇ ಪಾದದ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ, ಎಂಜಿನ್ ವೇಗವನ್ನು ಕೆಳಗಿನ ಗೇರಿಗೆ ಹೊಂದುವಷ್ಟು ಏರಿಸಬೇಕು. ಏರಿಸದಿದ್ದರೆ ಹಿಂದಿನ ಚಕ್ರಗಳು ಗಕ್ಕನೆ ಹಿಡಿದು ಕಾರು ಗಿರಕಿ ಹೊಡೆಯುತ್ತದೆ.

ನಮ್ಮ ನಿಮ್ಮ ಕಾರುಗಳಲ್ಲಿ ಗೇರ್ ಮೃದುವಾಗಿ ಬೀಳಲಿ ಎಂದು ವೇಗ ಹೊಂದಿಸಿಕೊಡುವ ಸಿಂಕ್ರೊ ಇರುತ್ತದೆ. ರೇಸ್ ಕಾರಿಗೆ ಆ ಮುಲಾಜಿಲ್ಲ. ಅಲ್ಲಿ ಡಾಗ್ ಎನ್ನುವ ದಪ್ಪ ಹಲ್ಲುಗಳು ನೇರವಾಗಿ ಕಚ್ಚಿಕೊಳ್ಳುತ್ತವೆ. ಅಳುಕುತ್ತ ಹಾಕಿದರೆ ಅವುಗಳ ಮೂಲೆ ಸವೆದು, ಹಾಕಿದ ಗೇರ್ ನಿಲ್ಲುವುದೇ ಇಲ್ಲ. ಐದರಿಂದ ನಾಲ್ಕಕ್ಕೆ ಬರಬೇಕಾದ ಕೈ ತಪ್ಪಿ ಎರಡಕ್ಕೆ ಹೋಯಿತೋ, ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸಿ ವಾಲ್ವು ಪಿಸ್ಟನ್‌ಗೆ ಬಡಿಯುತ್ತಿತ್ತು. ಅಲ್ಲಿಗೆ ರೇಸ್ ಮುಗಿಯಿತು.

ಇದನ್ನೆಲ್ಲ ಮುಗಿಸಲು ಶುರುಮಾಡಿದ್ದು ಜಾನ್ ಬಾರ್ನಾರ್ಡ್ ವಿನ್ಯಾಸದ ಫೆರಾರಿ 640. ಗೇರ್ ರಾಡ್ ಇಲ್ಲದಿದ್ದರೆ ಕಾಕ್‌ಪಿಟ್ ಕಿರಿದು ಮಾಡಬಹುದು ಎಂಬುದೂ ಅವರ ಲೆಕ್ಕದಲ್ಲಿತ್ತು. ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್; ಬೆರಳು ಸೋಕಿದರೆ ಉಳಿದದ್ದು ಹೈಡ್ರಾಲಿಕ್ಸ್ ಪಾಲು. ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕೈಕೊಟ್ಟ ಆ ಕಾರು 1989ರ ಮೊದಲ ರೇಸನ್ನೇ ರಿಯೊದಲ್ಲಿ ಗೆದ್ದಿತು, ಚಾಲಕ ಮ್ಯಾನ್ಸೆಲ್ ಕೈಯಲ್ಲಿ. ಫಾರ್ಮುಲಾ ಒನ್‌ನಲ್ಲಿ ಗೇರ್ ರಾಡ್ ಇದ್ದ ಕೊನೆಯ ಕಾರು 1995ರ ಫೋರ್ಟಿ. ಅದು ಸದಾ ಹಿಂದೆ ಉಳಿಯುತ್ತಿದ್ದ ಕಾರು, ಹಾಗಾಗಿ ಗೇರ್ ರಾಡಿಗೆ ಬೀಳ್ಕೊಡುಗೆಯೂ ಸಿಗಲಿಲ್ಲ.

ಪ್ಯಾಡಲ್ ವೇಗ, ಸುರಕ್ಷಿತ, ಎರಡೂ ಕೈ ಸ್ಟೀರಿಂಗ್ ಮೇಲೆ. ಒಪ್ಪೋಣ. ಆದರೆ ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ನಡೆದ 1991ರ ರೇಸ್ ನೆನೆಯಿರಿ. ಗೇರ್ ರಾಡ್ ಇನ್ನೂ ಇದ್ದ ಸೆನ್ನಾನ ಕಾರಿನಲ್ಲಿ ಮೊದಲು ನಾಲ್ಕನೇ ಗೇರ್ ಹೋಯಿತು, ಬರಬರುತ್ತ ಉಳಿದವೂ. ಕೊನೆಗೆ ಆರನೇ ಗೇರಿನಲ್ಲೇ, ನಿಧಾನದ ತಿರುವುಗಳಲ್ಲೂ ಎಂಜಿನ್ ನಿಲ್ಲದಂತೆ ಎಳೆದುಕೊಂಡು, ಎರಡನೆಯವನಾದ ಪಟ್ರೆಸೆಗಿಂತ ಮೂರು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ತವರಿನ ರೇಸ್ ಗೆದ್ದ. ಕಾರಿನಿಂದಿಳಿಯಲು ಬೇರೆಯವರು ಕೈಹಿಡಿಯಬೇಕಾಯಿತು. ಈಗಿನವರೂ ಅಸಾಮಾನ್ಯ ಚಾಲಕರೇ. ಆದರೆ ಗೇರ್ ಹಾಕುವುದರಲ್ಲಿ ಇವನು ಅವನಿಗಿಂತ ಮೇಲು ಎಂದು ವಾದ ಮಾಡುವ ಸುಖವೊಂದು ನೋಡುವವರಿಗೆ ಇಲ್ಲವಾಯಿತು.